ಅಕ್ವೇರಿಯಂನಲ್ಲಿ ಕಳೆ ಕಿತ್ತೆ

ಗೆಳೆಯರೇ, ಇವತ್ತು ನನ್ನ ಕೈಯಿಂದ ಒಂದು ಜೀವ ಹೋಯಿತು. ಉದಗೀರದ ನಮ್ಮ ಮನೆಯ ಪುಟ್ಟ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಸಮುದ್ರದ ಕಲ್ಲಿನ ಮೇಲೆ ಜೋಳದ ಕಾಳಿನಷ್ಟು ಕಂದು ಮೊಗ್ಗೊಂದು ತಾನಾಗಿ ಮೂಡಿತ್ತು. ಇದೇನೆಂದು ಕೇಳಿ ಮೀನು ಸಾಕುವವರ ಗುಂಪಿಗೆ ಫೋಟೋ ಕಳಿಸಿದೆ. ಉತ್ತರ ಬರುವ ಮೊದಲೇ, ಊರಿಂದ ಬಂದಿದ್ದ ಅಪ್ಪ ಕನ್ನಡಕ ಏರಿಸಿ ನೋಡಿದ.

“ನೀ ಬಿತ್ತೀಯೇನು?”

“ಇಲ್ಲಪ್ಪಾ.”

“ಬಿತ್ತಲಾರದ್ದು ಬಂದದಂದ್ರ ಕಸಾನೇ. ಕಿತ್ತು ಒಗಿ.”

ಒಕ್ಕಲುತನದ ಮನೆಯ ಕೈ ಸುಮ್ಮನಿರುತ್ತದೆಯೇ? ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ ತೆಗೆದೆ.

ಮಧ್ಯಾಹ್ನ ಗುಂಪಿನಲ್ಲೊಬ್ಬರು ಬರೆದರು: “ಅದು ಹವಳದ ಮರಿ ಅದರೀ. ನಸೀಬ ಇದ್ದವರ ಮನ್ಯಾಗ ಬರ್ತದ. ಮುಟ್ಟಬ್ಯಾಡ್ರಿ.”

ಓದಿ ಹೇಳಿದೆ. ಅಪ್ಪ ಮತ್ತೆ ಕನ್ನಡಕ ಏರಿಸಿ ಕಲ್ಲಿನತ್ತ ಬಾಗಿದ.

“ನನ್ನ ಹೊಲ ಆಗಿದ್ರ ಎರಡೆಲಿ ಬರೂತನಕ ತಡೀತಿದ್ದೆ,” ಎಂದ.

ಕಲ್ಲು ಈಗ ಬಹಳ ಚೊಕ್ಕಟವಾಗಿದೆ. ಬೆಳೆಯೊಂದಿಲ್ಲ, ಅಷ್ಟೇ.