ಆ ದಿನ ಬಾರದ ಧೂಳು

ಲವೀನಾ, ತಪ್ಪು ನಿನ್ನದಲ್ಲ. ಧೂಳಿನ ಡಬ್ಬಿಯ ಪಿನ್ ತೆಗೆಯಲು ಮರೆತವನು ನಾನು. ಮರೆತದ್ದನ್ನು ಮುಚ್ಚಿಟ್ಟು ನಿನ್ನ ಮೇಲೆ ಹೊರಿಸಿದವನೂ ನಾನೇ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ — ಈ ಪತ್ರ ಓದುವ ಬೇರೆಯವರಿಗೂ ತಿಳಿಯಬೇಕು, ಅದಕ್ಕೆ. ಮಂಗಳೂರಿನಿಂದ ಲಂಡನ್ನಿಗೆ ಬಂದು ನನ್ನ ಕೈಕೆಳಗೆ ಪಿಎಚ್‌ಡಿಗೆ ಸೇರಿದವಳು ನೀನು. ವಿದ್ಯುತ್ ಹಾಯಿಸಿದ ಅನಿಲ ನೇರಳೆಯಾಗಿ ಹೊಳೆಯುತ್ತದೆ, ಅದೇ ಪ್ಲಾಸ್ಮಾ. ಅದರೊಳಗೆ ಹಿಟ್ಟಿಗಿಂತ ನುಣ್ಣಗಿನ ಪ್ಲಾಸ್ಟಿಕ್ ಧೂಳು ಉದುರಿಸಿದರೆ, ಕಣಗಳು ಒಂದನ್ನೊಂದು ದೂಡುತ್ತ ಸಾಲುಸಾಲಾಗಿ ನಿಲ್ಲುತ್ತವೆ. ನೆಲದ ಮೇಲಾದರೆ ಭಾರಕ್ಕೆ ತಳ ಸೇರುತ್ತವೆ. ತೂಕವಿಲ್ಲದ ಕಡೆ ಹೊಳಪಿನ ತುಂಬ ಹರಡಿಕೊಂಡು, ನಟ್ಟನಡುವೆ ಮಾತ್ರ ಜಾಗ ಖಾಲಿ ಬಿಡುತ್ತವೆ. ಆ ಖಾಲಿ ಹೇಗೆ ಮುಚ್ಚಿಕೊಳ್ಳುತ್ತದೆ — ನಿನ್ನ ಪ್ರಶ್ನೆ ಅದೊಂದೇ. ಅದಕ್ಕೆ ಉತ್ತರ ಹುಡುಕಲು, ಎತ್ತರಕ್ಕೇರಿ ಮತ್ತೆ ಮತ್ತೆ ಕೆಳಗೆ ಬೀಳುವ ವಿಶೇಷ ವಿಮಾನವೊಂದರಲ್ಲಿ ನಮಗೆ ಒಂದೇ ಒಂದು ದಿನ ಸಿಕ್ಕಿತ್ತು. ಪ್ರತಿ ಸಲ ಬೀಳುವಾಗ ಕೆಲವು ಸೆಕೆಂಡು ಯಾವುದಕ್ಕೂ ತೂಕವಿರುವುದಿಲ್ಲ.

ಸಾಗಿಸುವಾಗ ಧೂಳು ಚೆಲ್ಲದಂತೆ ಡಬ್ಬಿಗೆ ಹಾಕಿದ್ದ ಪಿನ್ ಅನ್ನು ಹೊರಡುವ ಮುನ್ನ ತೆಗೆದು, ಪ್ರಯೋಗದ ಪೆಟ್ಟಿಗೆ ಮುಚ್ಚುವುದು ನನ್ನ ಕೆಲಸ. ಹಾರಾಟದ ಭಯವಾಗಿತ್ತು ನನಗೆ. ಪೆಟ್ಟಿಗೆಯನ್ನೇನೋ ಮುಚ್ಚಿದೆ — ಪಿನ್ ಹಾಗೇ ಉಳಿಯಿತು.

ವಿಮಾನ ಮೇಲೇರಿ, ಮೊದಲ ಸಲ ಕೆಳಗೆ ಬಿತ್ತು. ನಾನು ಸ್ವಿಚ್ ಒತ್ತಿದೆ. ಪರದೆಯ ಮೇಲೆ ಬರೀ ನೇರಳೆ.

“ಧೂಳು ಬರ್ತಾ ಇಲ್ಲ ಸರ್! ಒಂದು ಕಣ ಸಹ ಇಲ್ಲ!” ಎಂದು ಕೂಗಿದೆ ನೀನು.

ಆಗಲೇ ನೆನಪಾಯಿತು. ಹಾರಾಟದ ನಡುವೆ ಪೆಟ್ಟಿಗೆ ತೆರೆಯುವಂತಿರಲಿಲ್ಲ. ಬಾಯಿಯನ್ನಾದರೂ ತೆರೆಯಬಹುದಿತ್ತು — ತೆರೆಯಲಿಲ್ಲ. ಕೆಳಗಿಳಿದ ಮೇಲೆ, ಯಾರೂ ನೋಡುವ ಮೊದಲೇ ಪಿನ್ ಕಿತ್ತು ಜೇಬಿಗೆ ಹಾಕಿಕೊಂಡೆ. ಒಳಗಿನ ಒಣ ಧೂಳು ಯಾರಿಗೂ ಕಾಣದಂತೆ ಡಬ್ಬಿಯನ್ನು ತೊಳೆದೂ ಬಿಟ್ಟೆ.

“ಪೌಡರ್ ಗಂಟು ಕಟ್ಟಿತ್ತು. ನೀನು ಸರಿಯಾಗಿ ಒಣಗಿಸಿಲ್ಲಮ್ಮ,” ಎಂದೆ, ಎಲ್ಲರೆದುರು.

“ಒಣಗಿಸಿದ್ದೆ ಸರ್... ಎಲ್ಲಿ ತಪ್ಪಿತು ಅಂತ ಗೊತ್ತಾಗುದಿಲ್ಲ,” ಎಂದೆ ನೀನು. ಆಮೇಲೆ, ನನ್ನ ಮುಖ ನೋಡಿ, ನಂಬಿದೆ.

ಮತ್ತೆ ಹಾರುವ ಅವಕಾಶ ನಮಗೆ ಸಿಗಲಿಲ್ಲ. ನಿನ್ನ ಮೇಲೆ ನಿನಗೇ ಭರವಸೆ ಹೋಯಿತು. ನೀನು ಮುಟ್ಟಿದ ಉಪಕರಣವನ್ನೇ ಹತ್ತು ಸಲ ನೋಡುತ್ತಿದ್ದೆ, ಕೊನೆಗೆ ಮುಟ್ಟುವುದನ್ನೇ ಬಿಟ್ಟೆ. ನೀನು ಪಿಎಚ್‌ಡಿ ಬಿಟ್ಟು ಹೊರಟ ದಿನ ನಾನು ಕಾಲೇಜಿನ ಲಿಫ್ಟಿನವರೆಗೆ ಬಂದು ಬೀಳ್ಕೊಟ್ಟೆ. ಆಗಲೂ...

ಎಷ್ಟೋ ವರ್ಷಗಳ ನಂತರ, ಹೋದ ತಿಂಗಳು, ಲಂಡನ್ನಿನ ಸ್ಟ್ರಾಟ್‌ಫರ್ಡಿನ ಅಂಗಡಿಗಳ ನಡುವೆ ನೀನೇ ಗುರುತು ಹಿಡಿದು ಕರೆದೆ. ಜೊತೆಗೆ ನಿನ್ನ ಮಗಳು. “ಇವರೇ ನನ್ನ ಸರ್,” ಎಂದು ಅವಳಿಗೆ ಪರಿಚಯಿಸಿದೆ. “ಇವರ ಪ್ರಯೋಗ ನನ್ನಿಂದಲೇ ಹಾಳಾದದ್ದು. ಆದ್ರೂ ಒಂದು ದಿನ ಸಹ ನಂಗೆ ಜೋರು ಮಾಡ್ಲಿಲ್ಲ, ಗೊತ್ತುಂಟಾ?”

“ದಟ್ಸ್ ಸೋ ಕೈಂಡ್,” ಎಂದಳು ಮಗಳು, ನನ್ನನ್ನು ನೋಡಿ.

ನಾನೇನು ಮಾಡಿದೆ? ನಕ್ಕೆ. “ಹಳೇದನ್ನೆಲ್ಲ ಬಿಡಮ್ಮ,” ಎಂದೆ — ನಿನ್ನನ್ನು ಕ್ಷಮಿಸಿದವನ ಹಾಗೆ! ವಿಮಾನದಲ್ಲಿ ಭಯವಿತ್ತು ಎನ್ನಬಹುದು. ಸ್ಟ್ರಾಟ್‌ಫರ್ಡಿನಲ್ಲಿ ಯಾವ ಭಯ? ಆ ಮಗುವಿನ ಕಣ್ಣಲ್ಲಿ ದೊಡ್ಡವನಾಗಿ ಉಳಿಯುವ ಆಸೆ, ಅಷ್ಟೇ.

ನಿನ್ನೆ ವಿಭಾಗದ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ನಿನಗೆ ಮೊದಲು ಹೇಳಬೇಕಿತ್ತು. ಅದಕ್ಕೂ ಧೈರ್ಯ ಸಾಲಲಿಲ್ಲ. ಭಾನುವಾರ ಸಟನ್ನಿನ ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ, ಬಾಗಿಲಲ್ಲೇ ನಿಂತು ಹೇಳುತ್ತೇನೆ. ಮಗಳನ್ನು ಮಾತ್ರ ಕರೆ. ಅವಳೂ ಕೇಳಿಸಿಕೊಳ್ಳಲಿ.