ಬಸರಿ ನೀವಾ, ಅವಳಾ?

ದಿನ ತುಂಬುವ ಮೊದಲೇ ಆಗುವ ಹೆರಿಗೆಯನ್ನು ಮುಂಚಿತವಾಗಿ ತಿಳಿಯುವ ಸಂಶೋಧನೆಗೆಂದು ಒಬ್ಬ ನರ್ಸು ವಾರಕ್ಕೊಮ್ಮೆ ಕುಮಟೆಯಿಂದ ಹಿರೇಗುತ್ತಿಯ ನಮ್ಮ ಮನೆಗೆ ಬರುತ್ತಿದ್ದಳು. ನನ್ನ ಮಗಳಿಗೆ ಆಗ ಎಂಟನೇ ತಿಂಗಳು. ನರ್ಸು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಅವಳ ಹೊಟ್ಟೆ ಮುಟ್ಟುವಳು. ಮಗಳನ್ನು ಏನು ಕೇಳಿದರೂ ಉತ್ತರ ಕೊಡುವವಳು ನಾನೇ. “ಅಕ್ಕಾ, ಬಸರಿ ನೀವಾ, ಅವಳಾ?” ಎಂದು ನಗುವಳು.

ಒಂದು ಸೋಮವಾರ ಮಗಳ ಮುಖ ಬಾಡಿತ್ತು. “ಬೆನ್ನು ನೋಯ್ತದಾ?” ಎಂದು ನರ್ಸು ಕೇಳಿದಳು.

“ಎಂತದೂ ಇಲ್ಲ. ನಿನ್ನೆ ಹಲಸಿನಹಣ್ಣು ತಿಂದಿದ್ಲು, ಗ್ಯಾಸು,” ಎಂದೆ.

ಅವಳು ನಗಲಿಲ್ಲ. “ಅಕ್ಕಾ, ಒಂಚೂರು ಚಾ ಮಾಡಿ,” ಎಂದು ನನ್ನನ್ನು ಒಳಗೆ ಕಳಿಸಿದಳು. ಹಾಲು ಕಾಯುವಷ್ಟರಲ್ಲಿ ಮಗಳ ಅಳು ಕೇಳಿಸಿತು. “ಬೆಳಗಿಂದ ಹೊಟ್ಟೆ ಗಟ್ಟಿಯಾಗಿ ಗಟ್ಟಿಯಾಗಿ ಬಿಡ್ತದೆ. ಆಯಿ ಹೆದರ್ತಾಳೆ ಅಂತ ಹೇಳ್ಲಿಲ್ಲ.”

ಚಾ ಕುಡಿಯದೆಯೇ ನರ್ಸು ಆಂಬ್ಯುಲೆನ್ಸು ಕರೆಸಿ ನಮ್ಮನ್ನು ಹತ್ತಿಸಿದಳು. ಹೊಟ್ಟೆಯೊಳಗಿನ ಮಗುವಿನ ಶ್ವಾಸಕೋಶ ಬಲಿಯಲೆಂದು ಕುಮಟೆಯ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟರು. ನೋವು ನಿಂತಿತು, ಯಾವಾಗ ಮತ್ತೆ ಶುರುವಾಗುತ್ತದೋ ಎಂಬ ಹೆದರಿಕೆ ನಿಲ್ಲಲಿಲ್ಲ. ದಿನವೂ ಬೆಳಿಗ್ಗೆ ದೇವರು ಧಾರೇಶ್ವರನಲ್ಲಿ, ಮಗು ಒಳಗೇ ಇರಲು ಇನ್ನು ಒಂದೇ ಒಂದು ದಿನ ಕೊಡು ಎಂದು ಬೇಡುತ್ತಿದ್ದೆ. ಸಂಜೆ ನರ್ಸು ವಾರ್ಡಿನ ಬಾಗಿಲಲ್ಲಿ ಇಣುಕಿ, “ಇವತ್ತಿಂದೂ ಆತು, ಅಕ್ಕಾ,” ಎನ್ನುವಳು.

ಹಾಗೆ ಹದಿನೆಂಟು ದಿನ ದಕ್ಕಿದವು. ಹತ್ತೊಂಬತ್ತನೇ ಸಂಜೆ ಅವಳು ಇಣುಕಿದಾಗ ನಾನು ಬಾಯಿ ತೆರೆಯಲಿಲ್ಲ. ಮಗಳೇ ಮಗುವನ್ನು ಎತ್ತಿ ತೋರಿಸಿದಳು.