ಉತ್ತರಕ್ಕೆ ತಲೆಯಿದ್ದ ಮಂಚ

ಕರ್ರ್ ಎಂದು ಕಬ್ಬಿಣದ ಮಂಚದ ಕಾಲು ನೆಲ ಉಜ್ಜಿದ ಸದ್ದಿಗೆ ಪಾಕ್ಕಿಯಂ ಒರೆಸುವ ಬಟ್ಟೆ ಬಿಟ್ಟು ಎದ್ದು ನಿಂತಳು. ಹೆಂಗಸರ ವಾರ್ಡಿನಲ್ಲಿ ಆಳುಗಳು ಮಂಚ ತಿರುಗಿಸುತ್ತಿದ್ದರು. ಮ್ಯಾನೇಜರ್ ತಂಗರಾಸು ಬಾಗಿಲಲ್ಲಿ ನಿಂತು, "ಒಂದು ತಲೆನೂ ಉತ್ತರಕ್ಕೆ ಇರಬಾರ್ದು, ತಿಳೀತಾ?" ಎನ್ನುತ್ತಿದ್ದ.

ಅವಳು ಮೂರನೆಯ ಮಂಚದ ಕಡೆ ನೋಡಿದಳು. ಇಷ್ಟು ವರ್ಷ ಯಾರಿಗೂ ಕಾಣದಿದ್ದ ದಿಕ್ಕು ಈಗ ಕಂಡಿತ್ತು.

ತಮಿಳುನಾಡಿನ ಕಾರೈಕುಡಿಯ ಆ ಖಾಸಗಿ ಆಸ್ಪತ್ರೆಗೆ ಅವಳು ಆಯಾ ಆಗಿ ಸೇರಿದ್ದು ಗಂಡ ತೀರಿಕೊಂಡ ವರ್ಷ. ಮುದುಕಿಯರ ಸಿಕ್ಕುಗೂದಲು ಬಿಡಿಸುತ್ತ, ಬಾಣಂತಿಯರ ಬೆನ್ನು ನೀವುತ್ತ ಅಲ್ಲೇ ನರೆತಿದ್ದಳು. ರೋಗಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳೇ. ಉಳಿದವರಿಗೆ ರೋಗಿಯೆಂದರೆ ಮಂಚದ ನಂಬರು: ಮೂರಕ್ಕೆ ಗಂಜಿ, ಆರಕ್ಕೆ ಇಂಜೆಕ್ಷನ್.

ಕೆಲವು ತಿಂಗಳ ಹಿಂದೆ ಮೂರರಲ್ಲಿದ್ದವರು ಚೆಟ್ಟಿಯಾರ್ ಮನೆತನದ ಮುದುಕಿ ವಿಶಾಲಾಕ್ಷಿ; ಎಲ್ಲರ ಬಾಯಲ್ಲಿ ಆಚ್ಚಿ. ಜಾರಿಬಿದ್ದು ಮೊಣಕಾಲು ಬಾತು ಬಂದವರು. "ಏನೇ ಪಾಕ್ಕಿಯಂ, ಉತ್ತರಕ್ಕೆ ತಲೆ ಹಾಕ್ಸಿದ್ದೀರಲ್ಲೇ, ನನ್ನನ್ನ ಬೇಗ ಕಳ್ಸೋ ಆತುರಾನಾ?" ಎಂದು ನಗುತ್ತಲೇ ಅವಳ ಕೈ ಹಿಡಿದಿದ್ದರು. ಹಿಡಿದ ಕೈ ಬಿಡಲಿಲ್ಲ. ಎದುರು ಸಾಲಿನ ಆರರಲ್ಲಿ ಸಕ್ಕರೆ ಕಾಯಿಲೆಯ ಹೆಂಗಸೊಬ್ಬಳಿದ್ದಳು. "ಇಲ್ಲಿ ಬನ್ನಿ ಆಚ್ಚಿ, ನಂಗ್ಯಾವ ದಿಕ್ಕಾದ್ರೂ ಗೊರಕೆನೇ" ಎಂದಳು. ಪಾಕ್ಕಿಯಂ ಆಚ್ಚಿಯನ್ನು ಕೂಸಿನಂತೆ ಎತ್ತಿ ಆರಕ್ಕೆ ತಂದು ಮಲಗಿಸಿದಳು; ಆ ಹೆಂಗಸು ಮೂರಕ್ಕೆ ಹೋದಳು. ಇಂಜೆಕ್ಷನ್ ಕೊಡುವ ಸಿಸ್ಟರ್ ಅರುಳ್ ಮೇರಿಗೆ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಹೆರಿಗೆ ಕೋಣೆಯಿಂದ ಕೂಗು ಬಂತು.

ಹಿಂತಿರುಗಿದಾಗ ಆಚ್ಚಿ ಬೆವರಿನಲ್ಲಿ ತೊಯ್ದಿದ್ದರು. ಆರನೆಯ ಮಂಚಕ್ಕೆಂದು ಬರೆದಿದ್ದ ಸಕ್ಕರೆ ಇಳಿಸುವ ಇಂಜೆಕ್ಷನ್, ಸರಿಯಾಗಿ ಊಟವನ್ನೂ ಮಾಡಿರದ ಆ ಮುದಿ ಮೈಗೆ ಹೋಗಿತ್ತು. ಅವರು ಮತ್ತೆ ಕಣ್ಣು ತೆರೆಯಲಿಲ್ಲ.

ಆಚ್ಚಿಯ ಮಕ್ಕಳು ಗ್ರಾಹಕರ ಆಯೋಗಕ್ಕೆ ಹೋದರು. ಆಸ್ಪತ್ರೆ ಅರುಳ್ ಮೇರಿಯನ್ನು ಕೆಲಸದಿಂದ ತೆಗೆದು, ತಪ್ಪೆಲ್ಲ ಅವಳದೇ ಎಂದಿತು. ಆಚ್ಚಿಯನ್ನು ಎತ್ತಿ ಮಲಗಿಸಿದ್ದು ತಾನೆಂದು ಪಾಕ್ಕಿಯಂ ಯಾರಿಗೂ ಹೇಳಿರಲಿಲ್ಲ. ಬೀದಿಯಲ್ಲಿ ಖಾಕಿ ಕಂಡರೆ ಸಾಕು, ಹತ್ತಿರದ ಅಂಗಡಿಗೆ ನುಗ್ಗಿ ಬೇಡದ ಬೆಂಕಿಪೊಟ್ಟಣ ಕೊಳ್ಳುತ್ತಿದ್ದಳು.

ಮಂಚ ತಿರುಗಿಸಿದ ಮರುದಿನ ಜಿಲ್ಲಾ ಕೇಂದ್ರವಾದ ಶಿವಗಂಗೆಯಲ್ಲಿ ವಿಚಾರಣೆ. ಆಸ್ಪತ್ರೆಯ ಪರ ಸಾಕ್ಷಿ ಅವಳೇ. ಆಯೋಗದ ವರಾಂಡದಲ್ಲಿ ತಂಗರಾಸು ಪಾಠ ಒಪ್ಪಿಸಿಕೊಳ್ಳುತ್ತಿದ್ದ.

"ಆಚ್ಚಿ ತಾವಾಗೇ ಎದ್ದು ಹೋಗಿ ಮಲಗಿದ್ರು. ಸಿಸ್ಟರ್ ಮುಖ ನೋಡ್ದೆ ಚುಚ್ಚಿದ್ಲು. ಎಲ್ಲಿ, ಹೇಳು."

"ಅವ್ರಿಗೆ ಕಾಲು ಊರೋಕೇ ಆಗ್ತಿರ್ಲಿಲ್ಲ ಸರ್."

"ಓಹೋ, ದೊಡ್ಡ ಡಾಕ್ಟರಮ್ಮ! ಮತ್ತೆ ಯಾರು ಹೊತ್ಕೊಂಡು ಹೋದ್ರು ಅಂತ ಕೇಳಿದ್ರೆ? ನಿನ್ನನ್ನ ಪೊಲೀಸ್ನೋರು ಹೊತ್ಕೊಂಡು ಹೋಗ್ತಾರೆ."

ಅವನು ಫೋನಿಗೆಂದು ಆಚೆ ತಿರುಗಿದಾಗ, ಬೆಂಚಿನ ತುದಿಯಲ್ಲಿದ್ದ ಅರುಳ್ ಮೇರಿ ಹತ್ತಿರ ಸರಿದಳು. ಕಣ್ಣ ಸುತ್ತ ಕಪ್ಪಾಗಿತ್ತು.

"ಊಟ ಆಯ್ತಾ ಅಕ್ಕಾ?" ಎಂದಳು, ವಾರ್ಡಿನಲ್ಲಿ ಕೇಳುತ್ತಿದ್ದ ಹಾಗೆಯೇ. "ಮುಖ ನೋಡ್ದೆ ಚುಚ್ಚಿದ್ದು ನಾನೇ, ಇಲ್ಲ ಅನ್ನಲ್ಲ. ಆದ್ರೆ ಅವ್ರು ಆರಕ್ಕೆ ಹೆಂಗೆ ಬಂದ್ರು? ಕಣ್ಣು ಮುಚ್ಚಿದ್ರೆ ಅದೇ. ನಂಗೆ ತಲೆ ಕೆಡ್ತಿದ್ಯಾ ಅಕ್ಕಾ?"

ಪಾಕ್ಕಿಯಂ ಅವಳ ಕೈ ಹಿಡಿದಳು.

"ನಿನ್ ತಲೆ ಸರಿಯಾಗೇ ಇದೆ ಕಣಮ್ಮ. ನಾನೇ ಎತ್ಕೊಂಡು ಹೋದೆ."

ಅರುಳ್ ಮೇರಿ ಬೆಂಚಿನಿಂದ ಎದ್ದು ನಿಂತಳು. ಒಳಗಿನಿಂದ ಜವಾನ ಪಾಕ್ಕಿಯಂ ಹೆಸರು ಕೂಗಿದ. ತಂಗರಾಸು ಓಡಿಬಂದು ಅವಳ ಸೆರಗಿಗೇ ಕೈ ಹಾಕಿದ.

"ಏನಂದೆ ಅವಳಿಗೆ? ನಿಲ್ಲೇ, ಇನ್ನೊಂದ್ಸಲ ಹೇಳಿಕೊಡ್ತೀನಿ. ಆಚ್ಚಿ ತಾವಾಗೇ..."

ಅವನ ಮಾತು ಮುಗಿಯುವ ಮೊದಲೇ ಸೆರಗು ಬಿಡಿಸಿಕೊಂಡಳು. ಆಚ್ಚಿಯನ್ನು ಎತ್ತಿದ್ದ ಎರಡೂ ತೋಳುಗಳನ್ನು ಎದೆಗೆ ಅವುಚಿಕೊಂಡು ಪಾಕ್ಕಿಯಂ ಒಳಗೆ ನಡೆದಳು.